ಭಾಂಡಿ ಆ ಮಂದೀದು, ಅಡಗಿ ಶೈಸ್ತಾಂದು

ಖಾನಾಪುರದಲ್ಲಿ ಯಾರ ಅಡುಗೆಮನೆಗೆ ಹೋದರೂ ಸರದಾರಸಾಬರ ಅಕ್ಷರ ಕಣ್ಣಿಗೆ ಬೀಳುತ್ತದೆ. ಹಿತ್ತಾಳೆ ಕೊಡ, ಸ್ಟೀಲ್ ಡಬ್ಬಿ, ಮದುವೆಗೆ ಮುಯ್ಯಿ ಕೊಟ್ಟ ತಾಟು, ಎಲ್ಲದರ ಅಂಚಿನಲ್ಲೂ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು. ಪೇಟೆಯ ಭಾಂಡಿ-ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಪಾದಗಳ ನಡುವೆ ಪಾತ್ರೆ ಹಿಡಿದು, ನಲವತ್ತು ವರ್ಷ ಅವರು ಇದೊಂದೇ ಕೆಲಸ ಮಾಡಿದ್ದಾರೆ. ಕನ್ನಡ, ಮರಾಠಿ, ಉರ್ದು, ಯಾವುದರಲ್ಲಿ ಬೇಕೆಂದರೂ ಹಾಕಿಕೊಡುತ್ತಾರೆ. ಆದರೆ ಅವರದೊಂದು ಹಟವಿದೆ. ಹೊಸ ಹೆಸರು ಹಾಕುತ್ತಾರೆ, ಹಳೆಯದನ್ನು ಅಳಿಸುವುದಿಲ್ಲ.

ಈ ಹಟದಿಂದ ನನಗೂ ಅವರಿಗೂ ಒಮ್ಮೆ ಜಗಳವಾಗಿತ್ತು. ನಾನು ಬಂಡೆಪ್ಪ. ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ರಕ್ತ ತಪಾಸಣೆಯ ಲ್ಯಾಬ್ ಇದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ, ಸುಳ್ಳೇನಲ್ಲ. ಯಾರೋ ಬಳಸಿದ ತಾಮ್ರದ ಹಂಡೆಯೊಂದನ್ನು ಕೊಂಡು ತಂದಿದ್ದೆ. ಅದರ ಮೇಲೆ ಬೇರೆಯವರ ಹೆಸರಿತ್ತು. ಉಜ್ಜಿ ತೆಗೆದು ನನ್ನದು ಹಾಕಿ ಎಂದು ಸರದಾರಸಾಬರ ಮುಂದೆ ಇಟ್ಟೆ.

"ಹಳೇ ಹೆಸರು ನಾ ಅಳಸೂದಿಲ್ರಿ ಬಂಡೆಪ್ಪ. ಅವರ ಬಾಜುಕ ನಿಮ್ದು ಹಾಕ್ತೇನಿ."

"ರೊಕ್ಕಾ ಕೊಟ್ಟು ತಂದೇನ್ರಿ ನಾ."

"ಹಂಡೆ ತಂದೀರಿ. ಮಾಡಿಸಿದವರು ಅವ್ರ ಅಲ್ಲೇನ್ರಿ? ಜಮಾತಿನ ದೊಡ್ಡ ಭಾಂಡಿ, ದೇಗು, ಯಾರ್ ಬೇಕಾದ್ರೂ ಒಯ್ತಾರ, ಬಿರಿಯಾನಿ ಮಾಡ್ತಾರ, ಪಾಯಸಾ ಮಾಡ್ತಾರ. ಕೊಟ್ಟವರ ಹೆಸರು ಯಾರರ ತಿಕ್ಕಿ ತಗೀತಾರೇನು?"

ನಾನು ಹಂಡೆ ಹೊತ್ತುಕೊಂಡು ದಡದಡ ವಾಪಸ್ಸು ಬಂದೆ. ಒಂದು ವರ್ಷ ಅವರ ಮುಖ ನೋಡಲಿಲ್ಲ. ಆಮೇಲೆ ನಾಚಿಕೆಯಾಗಿ ನಾನೇ ಹೋಗಿ ಹಾಕಿಸಿಕೊಂಡೆ. ಇವತ್ತಿಗೂ ನಮ್ಮ ಬಚ್ಚಲಿನ ಹಂಡೆಯ ಮೇಲೆ ಎರಡು ಹೆಸರಿವೆ.

ಈ ಸರದಾರಸಾಬರ ಒಬ್ಬಳೇ ಮಗಳು ಶೈಸ್ತಾ. ಚಿಕ್ಕವಳಿದ್ದಾಗ ಸಾಲೆ ಬಿಟ್ಟ ಕೂಡಲೇ ಅಪ್ಪನ ಕಟ್ಟೆಗೆ ಬರುತ್ತಿದ್ದಳು. ಪಾತ್ರೆ ಉರುಳದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿಯುವುದು ಅವಳ ಕೆಲಸ. ಹಿಡಿದಲ್ಲಿಂದಲೇ ಓದಿ ಓದಿ ಮೂರೂ ಲಿಪಿ ಕಲಿತಳು. ಊರಿನ ಹೆಸರೆಲ್ಲ ಅವಳಿಗೆ ಬಾಯಿಪಾಠ. ಒಂದು ದಿನ ಅಪ್ಪನಿಗೆ, "ಎಲ್ಲಾ ಭಾಂಡಿ ಮ್ಯಾಲೆ ಗಂಡಸರ ಹೆಸರ ಯಾಕ ಇರ್ತಾವ?" ಎಂದು ಕೇಳಿದಳಂತೆ. ಸರದಾರಸಾಬರು ಮುಂದಿನ ಪಾತ್ರೆ ಎತ್ತಿಕೊಂಡರಂತೆ. ಅವರ ಮನೆಯ ಪಾತ್ರೆಗಳ ಮೇಲಂತೂ ಯಾರ ಹೆಸರೂ ಇರಲಿಲ್ಲ. ಊರಿಗೆಲ್ಲ ಹೆಸರು ಹಾಕಿ ಮನೆಗೆ ಬಂದ ಮೇಲೆ ಅವರಿಗೆ ಉಳಿ ಹಿಡಿಯುವುದೇ ಬೇಡವಾಗುತ್ತಿತ್ತು. ಹೆಂಡತಿ ಅಮೀನಾಬೀ ಇದನ್ನು ಹೇಳಿ ಹೇಳಿ ಚೇಷ್ಟೆ ಮಾಡುತ್ತಿದ್ದರು.

ಶೈಸ್ತಾ ಬೆಳಗಿನ ರೈಲಿನಲ್ಲಿ ಬೆಳಗಾವಿಗೆ ಹೋಗಿ ಬಂದು ಬಿಸಿಎ ಮುಗಿಸಿದಳು. ನೆಹರು ನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಸಂಜಯ ಎಂಬವರ ಸಾಫ್ಟ್‌ವೇರ್ ಕಚೇರಿ ಇದೆ. ಅಲ್ಲಿ ಕೆಲಸಕ್ಕೆ ಸೇರಿದಳು. ಲ್ಯಾಬುಗಳಿಗೆ ಬೇಕಾದ ಒಂದು ಸಾಫ್ಟ್‌ವೇರನ್ನು ಅವರು ಮಾಡಿ ಮಾರುತ್ತಿದ್ದರು. ಹೆಸರು ನಮೂನಾ. ರೋಗಿಯ ರಕ್ತದ ನಮೂನೆ ಬಂದಾಗಿನಿಂದ ವರದಿ ಅಚ್ಚಾಗುವವರೆಗೆ ಎಲ್ಲ ಅದೇ ನೋಡಿಕೊಳ್ಳುತ್ತದೆ ಎಂದು ಹೇಳಿ ಸಂಜಯ ನನಗೂ ಒಂದು ಹಚ್ಚಿಹೋದರು. ಮೂವತ್ತು ವರ್ಷ ರಜಿಸ್ಟರಿನಲ್ಲಿ ಬರೆದವನು ನಾನು, ಆಸೆಗೆ ಬಿದ್ದೆ.

ನಮ್ಮ ಕಡೆ ಜೂನ್ ಬಂತೆಂದರೆ ಮಳೆ ಒಳಗೆ, ಕರೆಂಟು ಹೊರಗೆ. ಒಂದು ಮಧ್ಯಾಹ್ನ ನಾಲ್ಕು ಸಲ ಕರೆಂಟು ಹೋಗಿ ಬಂತು. ಸಂಜೆ ವರದಿ ತೆಗೆದರೆ ಗುಂಜಿಯ ಬಾಳವ್ವನ ಹೆಸರಿನ ಕೆಳಗೆ ಬೇರೆ ಯಾರದೋ ಸಕ್ಕರೆ ಅಂಶ ಕೂತಿತ್ತು. ಬಾಳವ್ವನನ್ನು ಹತ್ತು ವರ್ಷದಿಂದ ಬಲ್ಲೆ, ಆಕೆಯ ಸಕ್ಕರೆ ಅಷ್ಟಿರಲು ಸಾಧ್ಯವೇ ಇಲ್ಲ. ಗೊತ್ತಿದ್ದದ್ದಕ್ಕೆ ತಪ್ಪಿತು, ಇಲ್ಲದಿದ್ದರೆ ಆ ಕಾಗದ ನೋಡಿ ಡಾಕ್ಟರು ಏನು ಗುಳಿಗೆ ಬರೆಯುತ್ತಿದ್ದರೋ. ಫೋನಿನಲ್ಲಿ ನಾನು ಕೂಗಿದ್ದು ಬೀದಿಗೆಲ್ಲ ಕೇಳಿತು.

ಮರುದಿನ ಶೈಸ್ತಾ ರೈಲು ಹತ್ತಲಿಲ್ಲ, ನೇರ ನನ್ನ ಲ್ಯಾಬಿಗೆ ಬಂದಳು. ನಾನು ಬೈದೆ, ಅವಳು ಕೇಳಿಸಿಕೊಂಡಳು. ಬೈದು ಮುಗಿದ ಮೇಲೆ ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ನೋಡಿ, ಒಂದು ಮಾತು ಹೇಳಿದಳು.

"ಕಾಕಾ, ಬರಿಯೂದು ಬರೋಬರಿ ಐತ್ರಿ. ಇಟ್ಟುಕೊಳ್ಳೂ ಜಾಗಾ ಕಚ್ಚಾ ಐತಿ. ಅರ್ಧಾ ಬರದಾಗ ಕರೆಂಟ್ ಹೋತಂದ್ರ ಅರ್ಧಾನ ಉಳಿತೈತಿ. ಮುಂದಿಂದು ಬಂದು ಅದರ ಮ್ಯಾಲೆ ಕುಂದರತೈತಿ."

"ಹಂಗಾರ ಏನ್ ಮಾಡಬೇಕು?"

"ಒಳಗ ಖರೇ ಡೇಟಾಬೇಸ್ ಇಡಬೇಕ್ರಿ."

ಹಾಗೆಂದರೇನು ಎಂದು ಕೇಳಿದೆ. ನನ್ನ ರಜಿಸ್ಟರುಗಳನ್ನೇ ತೆರೆದು ತೋರಿಸಿದಳು. ರೋಗಿಗಳದೊಂದು, ನಮೂನೆಗಳದೊಂದು, ಫಲಿತಾಂಶದ್ದೊಂದು, ಮೂರರಲ್ಲೂ ಬಾಳವ್ವನ ನಂಬರು ಒಂದೇ. ಆ ನಂಬರು ಹಿಡಿದು ನಾನು ಒಂದರಿಂದ ಇನ್ನೊಂದಕ್ಕೆ ಹೋಗುತ್ತೇನೆ. ಡೇಟಾಬೇಸೂ ಹಾಗೆಯೇ ಮಾಡುತ್ತದೆ. ಆದರೆ ಅರ್ಧ ಬರೆದದ್ದನ್ನು ಅದು ಒಪ್ಪುವುದಿಲ್ಲ, ಪೂರ್ತಿ ಬರೆದರೆ ಮಾತ್ರ ಬರೆದದ್ದೆಂದು ಲೆಕ್ಕ. ಇಂಥ ಶಿಸ್ತು ನನಗೆ ತಕ್ಷಣ ಹಿಡಿಸಿತು.

ಎಂಟು ತಿಂಗಳು ಅವಳು ಅದರ ಮೇಲೆ ಕೂತಳು. ಪೋಸ್ಟ್‌ಗ್ರೆಸ್ ಅಂತ ಒಂದು ಡೇಟಾಬೇಸ್ ಇದೆ, ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ದೇಶವಿದೇಶದ ಎಂಜಿನಿಯರುಗಳು ಕೂಡಿ, ವರ್ಷಗಟ್ಟಲೆ ದುಡಿದು, ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದರ ಒಳಗೆ ಏನು ಬರೆದಿದೆ ಎಂಬುದನ್ನೂ ಮುಚ್ಚಿಟ್ಟಿಲ್ಲ. ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಇಟ್ಟು ಮಾರಬಹುದು. ಮಾಡಿದವರ ಹೆಸರು ಮತ್ತು ಲೈಸನ್ಸಿನ ನಾಲ್ಕು ಸಾಲು ಪ್ರತಿ ಪ್ರತಿಯ ಜೊತೆಗೂ ಹೋಗಬೇಕು, ಅವರ ಷರತ್ತು ಇಷ್ಟೇ. ಶೈಸ್ತಾ ಅದನ್ನು ನಮೂನಾದ ಒಳಗೆ ಮಡಚಿ ಇಟ್ಟಳು. ಲ್ಯಾಬಿನವರು ಒಂದು ಗುಂಡಿ ಒತ್ತಿದರೆ ಸಾಕು, ಅದು ತನ್ನಷ್ಟಕ್ಕೆ ಹೋಗಿ ತನ್ನ ಕೋಣೆಯಲ್ಲಿ ಕೂರಬೇಕು, ಬೇರೆ ಯಾವ ಸಾಫ್ಟ್‌ವೇರಿಗೂ ಕಾಲು ತಾಗಿಸಬಾರದು, ಒಳಗೊಂದು ಡೇಟಾಬೇಸ್ ಇದೆ ಎಂದು ನನ್ನಂಥವನಿಗೆ ಗೊತ್ತೇ ಆಗಬಾರದು. ಹೇಳಿದಷ್ಟು ಸುಲಭವಲ್ಲವಂತೆ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿದರೆ ಗೊತ್ತಾಗುತ್ತಿತ್ತು.

ಅದನ್ನು ಮೊದಲು ಹಚ್ಚಿದ್ದು ನನ್ನ ಲ್ಯಾಬಿನಲ್ಲಿ. ಅವತ್ತು ಮಗಳಿಗೆ ಬುತ್ತಿ ಕೊಡಲು ಸರದಾರಸಾಬರು ಬಂದಿದ್ದರು. ಟೇಬಲ್ಲಿನ ಕೆಳಗಿನ ತಗಡಿನ ಡಬ್ಬಿಯನ್ನು, ಅಂದರೆ ಕಂಪ್ಯೂಟರಿನ ಸಿಪಿಯುವನ್ನು, ಬಾಗಿ ನೋಡಿದರು. ಒಳಗೆ ಏನು ಹಾಕಿದೆ ಎಂದು ಕೇಳಿದರು, ಮಗಳು ಹೇಳಿದಳು. ಅವರ ಮುಂದಿನ ಪ್ರಶ್ನೆ ನಾನು ಊಹಿಸಿದ್ದೇ ಆಗಿತ್ತು.

"ಯೇ ಕಿಸ್ಕಾ ಹೈ, ಬೇಟಾ?"

ಯಾರದು ಎಂದು ಶೈಸ್ತಾ ಹೇಳಿದಳು. ಹೆಸರು ಎಲ್ಲಿ ಹಾಕಿದ್ದೀ ಎಂದರು. ಅವಳು ಪರದೆಯ ಮೇಲೆ ಒಂದು ಪುಟ ತೆರೆದು ತೋರಿಸಿದಳು, ಅದರಲ್ಲಿ ಎಲ್ಲ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ಪರದೆ ಕಪ್ಪಾಯಿತು.

"ಈಗ ಎಲ್ಲೈತಿ ಹೆಸರು?" ಎಂದರು ಸರದಾರಸಾಬರು.

ಶೈಸ್ತಾ ನಕ್ಕುಬಿಟ್ಟಳು. ಅಪ್ಪ ನಗಲಿಲ್ಲ. ಡಬ್ಬಿಯ ಮಗ್ಗುಲಿನ ತಗಡು ಬಿಚ್ಚಿ ಕೊಡು ಎಂದರು. ನಾನು ಬೇಡ, ಗ್ಯಾರಂಟಿ ಹೋಗುತ್ತದೆ ಎಂದು ಕೂಗಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ತಗಡನ್ನು ಅದರ ಮೇಲೆ ಇಟ್ಟು, ತಮ್ಮ ಕೈಚೀಲದಿಂದ ಉಳಿ ಸುತ್ತಿಗೆ ತೆಗೆದು ಕೂತರು. ಶೈಸ್ತಾ ಚಿಕ್ಕಂದಿನಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು. ಅರ್ಧ ತಾಸಿನಲ್ಲಿ ಚುಕ್ಕೆ ಅಕ್ಷರದ ಎರಡು ಸಾಲು ಮೂಡಿದವು.

'ಒಳಗಿನ ಭಾಂಡಿ ಪೋಸ್ಟ್‌ಗ್ರೆಸ್ ಮಂದೀದು. ಅಡಗಿ ಶೈಸ್ತಾಂದು, ಖಾನಾಪುರ.'

ನಲವತ್ತು ವರ್ಷದಲ್ಲಿ ಅವರು ಮಗಳ ಹೆಸರು ಕೊರೆದದ್ದು ಅದೇ ಮೊದಲು. ನನಗೆ ಮಾತ್ರ ಅದು ನನ್ನ ಹೊಸ ಕಂಪ್ಯೂಟರಿಗೆ ಮಾಡಿದ ಅನ್ಯಾಯವಾಗಿ ಕಂಡಿತು. ಅವರು ಹೋದ ಮೇಲೆ ಡಬ್ಬಿಯನ್ನು ತಿರುಗಿಸಿ, ಅಕ್ಷರದ ಮಗ್ಗುಲನ್ನು ಗೋಡೆಗೆ ಮಾಡಿ ಇಟ್ಟೆ.

ಅಲ್ಲಿಂದ ಮೂರು ಮಳೆಗಾಲ ದಾಟಿದವು. ಒಂದು ವರದಿಯೂ ಅದಲುಬದಲಾಗಲಿಲ್ಲ. ನಾನು ಬೈಯಲು ಫೋನು ಮಾಡುವುದು ಬಿಟ್ಟಮೇಲೆ ಸಂಜಯ ಅವರೇ ಗಾಬರಿಯಾಗಿ ಫೋನು ಮಾಡಿ ಬಂಡೆಪ್ಪ ಆರಾಮವೋ ಎಂದು ವಿಚಾರಿಸಿದರು. ಆದರೆ ಒಳ್ಳೆಯ ಸಾಮಾನು ಮಾಡಿದ ಮಾತ್ರಕ್ಕೆ ಕೊಳ್ಳುವವರು ಸಾಲುಗಟ್ಟಿ ನಿಲ್ಲುವುದಿಲ್ಲ. ನಮ್ಮಂಥ ಹತ್ತು ಹನ್ನೆರಡು ಸಣ್ಣ ಲ್ಯಾಬಿನವರನ್ನು ಬಿಟ್ಟರೆ ನಮೂನಾವನ್ನು ಕೇಳುವವರಿರಲಿಲ್ಲ.

ಆಗ ಬೆಳಗಾವಿಯ ಒಂದು ಟ್ರಸ್ಟಿನ ಆಸ್ಪತ್ರೆಯವರು ಹಳ್ಳಿಗಳಲ್ಲಿ ಮೂವತ್ತೊಂದು ಕಡೆ ರಕ್ತ ಸಂಗ್ರಹ ಕೇಂದ್ರ ತೆರೆಯಲು ಹೊರಟರು. ಜಾಂಬೋಟಿ, ಗುಂಜಿ, ಇನ್ನೂ ಒಳಗಿನ ಊರುಗಳು. ಎಲ್ಲ ಕಡೆಗೂ ಒಂದೇ ಸಾಫ್ಟ್‌ವೇರು ಬೇಕಿತ್ತು. ಸಂಜಯ ಶೈಸ್ತಾಳನ್ನು ಕೂರಿಸಿ ಖಡಾಖಂಡಿತ ಹೇಳಿದರು. ಇದು ಸಿಕ್ಕರೆ ನಮೂನಾ ಉಳಿಯುತ್ತದೆ. ಸಿಗದಿದ್ದರೆ ಬಾಗಿಲು ಹಾಕಿ, ಬೇರೆಯವರ ವೆಬ್‌ಸೈಟು ಮಾಡಿಕೊಡುವ ಕೆಲಸಕ್ಕೆ ಇಳಿಯುವುದೇ. ಅಂದರೆ ಶೈಸ್ತಾಳ ಅಷ್ಟೂ ವರ್ಷದ ದುಡಿಮೆ ಕಪಾಟಿಗೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಇದನ್ನೆಲ್ಲ ಶೈಸ್ತಾ ನನಗೆ ಆಮೇಲೆ ಹೇಳಿದ್ದು.

"ಪರದೆ ಮ್ಯಾಲಿನ ಆ ಹೆಸರಿನ ಪಾನ ತಗದ ಬಿಡು. ಒಳಗ ಫುಕಟ ಸಿಗೂದು ಇಟ್ಟಾರ ಅಂತ ತಿಳದ್ರ ನಮಗೇನ್ ಕಿಮ್ಮತ್ತು ಕೊಡ್ತಾರ? ನಮ್ದ ಸ್ವಂತ ಎಂಜಿನ್ ಅಂತ ಹೇಳೂಣು."

"ಸರ್, ನಿಮ್ಮ ಹೆಸರು ಎಷ್ಟ ದೊಡ್ಡದು ಬೇಕಾದ್ರೂ ಹಾಕ್ತೇನ್ರಿ. ಅವರದು ತಗಿಯಾಕ ಹೇಳಬ್ಯಾಡ್ರಿ. ಅವರ ಷರತ್ತ ಅದೊಂದ ಐತ್ರಿ."

ಸಂಜಯ ಕೆಟ್ಟವರಲ್ಲ, ಹೆದರಿದವರು. ತಾವೇ ಕೂತು ಆ ಪುಟ ತೆಗೆದರು, ಲೈಸನ್ಸಿನ ಕಡತವನ್ನೂ ಅಳಿಸಿದರು. ಪರೀಕ್ಷೆಯ ದಿನ ಅದರ ಬಗ್ಗೆ ಬಾಯಿ ತೆಗೆಯಬೇಡ ಎಂದು ಶೈಸ್ತಾಳಿಂದ ಮಾತು ತೆಗೆದುಕೊಂಡರು. "ನಾ ಆಗಿ ಹೇಳಂಗಿಲ್ರಿ ಸರ್. ಆದ್ರ ನನ್ನ ಕೇಳಿದ್ರ ಸುಳ್ಳ ಹೇಳಂಗಿಲ್ಲ," ಎಂದಿದ್ದಳು ಅವಳು. ಅವಳನ್ನು ಯಾರು ಕೇಳುತ್ತಾರೆ, ಮಾತಾಡುವುದು ನಾನೇ ತಾನೆ ಎಂದುಕೊಂಡರು ಅವರು.

ಪರೀಕ್ಷೆ ನನ್ನ ಲ್ಯಾಬಿನಲ್ಲೇ ನಡೆಯಿತು, ಬಹಳ ದಿನದಿಂದ ಬಳಸುತ್ತಿರುವ ಜಾಗ ನೋಡಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಜುಲೈ ತಿಂಗಳು, ಬೆಳಗಿನಿಂದ ಮಳೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಪೂನಮ ಮೇಡಂ ರೇನ್‌ಕೋಟ್ ಜಾಡಿಸುತ್ತ ಒಳಗೆ ಬಂದರು. "ಬರ್ರಿ ಮೇಡಂ, ಕುಂದರ್ರಿ, ಚಾ ತರಸ್ತೇನಿ," ಎಂದೆ. "ಮೊದಲ ಕೆಲಸಾ ಆಗ್ಲಿ," ಎಂದರು. ನನಗೆ ಆಕೆ ಅಲ್ಲಿಯೇ ಮೆಚ್ಚುಗೆಯಾದರು.

ಸಂಜಯ ಚೆನ್ನಾಗಿಯೇ ತೋರಿಸಿದರು. ನಮೂನೆ ನಮೂದಿಸುವುದು, ವರದಿ ತೆಗೆಯುವುದು, ಹಳೆಯ ವರದಿ ಹುಡುಕುವುದು. ಎಲ್ಲ ಸರಾಗ ನಡೆಯಿತು. ಶೈಸ್ತಾ ಮೂಲೆಯಲ್ಲಿ, ಟೇಬಲ್ಲಿನ ಬಾಜುಕ್ಕೆ ನಿಂತಿದ್ದಳು. ಮೇಡಂ ಎಲ್ಲ ಬರೆದುಕೊಂಡು ಕೊನೆಗೆ ಕೇಳಿದರು.

"ಒಳಗ ಯಾವ ಡೇಟಾಬೇಸ್ ಐತ್ರಿ?"

"ನಮ್ದ ಸ್ವಂತ ಎಂಜಿನ್, ಮೇಡಂ. ಬ್ಯಾರೆ ಯಾರ ಕಡೇನೂ ಇಲ್ಲ," ಎಂದರು ಸಂಜಯ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ಸದ್ದು ನನಗೆ ಸರಿ ಕಾಣಲಿಲ್ಲ.

"ಹಂಗಿದ್ರ ಕಷ್ಟ ಐತ್ರಿ. ಹಿಂದ ಒಬ್ಬರು ಹಿಂಗ ಸ್ವಂತದ್ದು ಅಂತ ಹಾಕಿಕೊಟ್ಟಿದ್ರು. ಕಂಪನಿ ಮುಚ್ಚಿತು. ಎರಡ ವರ್ಷದ ವರದಿ ಅವರ ಪೆಟಗಿಯೊಳಗ ಉಳದಾವ, ತಗಿಯಾಕ ಯಾರಿಗೂ ಬರೂದಿಲ್ಲ. ಕಿಡ್ನಿ ಪೇಶಂಟ್ ಬಂದು ಹೋದ ವರ್ಷದ್ದು ಕೊಡ್ರಿ ಅಂದ್ರ ನಾವು ಮಾರಿ ಕೆಳಗ ಹಾಕಬೇಕು. ನಾಳೆ ನೀವು ಮುಚ್ಚಿದ್ರ ನಮ್ಮ ಮಂದಿ ವರದಿ ಯಾರು ತಗದು ಕೊಡ್ತಾರ?"

ಸಂಜಯರ ಮುಖದ ಬಣ್ಣ ಇಳಿಯಿತು. ಯಾವುದನ್ನು ಮುಚ್ಚಿದರೆ ಬೆಲೆ ಬರುತ್ತದೆ ಅಂದುಕೊಂಡಿದ್ದರೋ ಅದನ್ನು ಮುಚ್ಚಿದ್ದಕ್ಕೇ ಕೆಲಸ ಕೈಬಿಡುತ್ತಿತ್ತು. ಈಗ ತಿರುಗಿಸಿ ಹೇಳಿದರೆ ಸುಳ್ಳುಗಾರ. ಮೇಡಂ ರೇನ್‌ಕೋಟಿಗೆ ಕೈ ಹಾಕಿದರು. ನಾನು ಶೈಸ್ತಾಳನ್ನು ನೋಡಿದೆ. ಅವಳ ತುಟಿ ಬಿಳಿಚಿತ್ತು, ಆದರೆ ಬಾಯಿ ತೆಗೆಯಲಿಲ್ಲ. ಕೊಟ್ಟ ಮಾತು ಅಂದರೆ ಅವರ ಮನೆಯಲ್ಲಿ ಹಾಗೆಯೇ. ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಆಗ ಅವಳು ಬಾಗಿದಳು. ಟೇಬಲ್ಲಿನ ಕೆಳಗೆ ಎರಡೂ ಕೈ ಹಾಕಿ, ತಗಡಿನ ಡಬ್ಬಿಯನ್ನು ನಿಧಾನ ತಿರುಗಿಸಿ, ಗೋಡೆಯ ಕಡೆಗಿದ್ದ ಮಗ್ಗುಲನ್ನು ಮೇಡಂ ಕಡೆಗೆ ಮಾಡಿದಳು. ಮಾಡಿ ಮತ್ತೆ ಮೊದಲಿದ್ದಲ್ಲೇ ಹೋಗಿ ನಿಂತಳು.

ಪೂನಮ ಮೇಡಂ ಕನ್ನಡಕ ಏರಿಸಿ ಬಗ್ಗಿದರು. ಜೋರಾಗಿ ಓದಿದರು. "ಒಳಗಿನ ಭಾಂಡಿ ಪೋಸ್ಟ್‌ಗ್ರೆಸ್ ಮಂದೀದು. ಅಡಗಿ ಶೈಸ್ತಾಂದು, ಖಾನಾಪುರ." ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಎದ್ದು ನಿಂತು, "ಶೈಸ್ತಾ ಅಂದ್ರ ಯಾರು?" ಎಂದರು.

"ನಾನ್ರಿ ಮೇಡಂ."

"ಇದು ಖರೇನ?"

ಈಗ ಅವಳನ್ನು ಕೇಳಿದ್ದರು. "ಖರೇರಿ," ಎಂದಳು.

ಮೇಡಂ ರೇನ್‌ಕೋಟನ್ನು ಕುರ್ಚಿಯ ಮೇಲೆ ಬಿಟ್ಟು ಕೂತರು. ಅಲ್ಲಿಂದ ಮುಂದಿನ ಒಂದು ತಾಸು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಮಾರುವ ಸಾಫ್ಟ್‌ವೇರಿನೊಳಗೆ ಇದನ್ನು ಇಡಲು ಲೈಸನ್ಸು ಒಪ್ಪುತ್ತದೆಯೇ ಎಂದು ಕೇಳಿದರು. ಶೈಸ್ತಾ ತನ್ನ ಚೀಲದಿಂದ ಅಚ್ಚು ಹಾಕಿಸಿದ ಲೈಸನ್ಸು ತೆಗೆದು ಕೊಟ್ಟಳು. ನಮೂನಾ ಇಲ್ಲದೆ ವರದಿ ಓದಲು ಬರುತ್ತದೆಯೇ ಎಂದರು. ಅವಳು ನಮೂನಾವನ್ನು ಪೂರ್ತಿ ಮುಚ್ಚಿ, ಎಲ್ಲರಿಗೂ ಸಿಗುವ ಇನ್ನೊಂದು ಸಾದಾ ಉಪಕರಣದಿಂದ, ಬೀಗದ ಕೈಯಂಥ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ನನ್ನ ಮೂರು ವರ್ಷದ ರೋಗಿಗಳನ್ನು ಸಾಲಾಗಿ ತೆರೆದಳು. ಬಾಳವ್ವನ ಸಕ್ಕರೆ ತನ್ನ ಜಾಗದಲ್ಲೇ ಇತ್ತು.

"ಈ ಬೀಗದ ಕೈ ನಿಮಗೂ ಬರದ ಕೊಡ್ತೇವ್ರಿ. ನಾಳೆ ನಾವು ಇರ್ಲಿ ಬಿಡ್ಲಿ, ಪೋಸ್ಟ್‌ಗ್ರೆಸ್ ಬಲ್ಲವರು ಯಾರ್ ಬೇಕಾದ್ರೂ ತಗದು ಕೊಡ್ತಾರ," ಎಂದಳು.

"ಜಾಂಬೋಟಿಯೊಳಗ ತಾಸಿಗೊಮ್ಮೆ ಕರೆಂಟ್ ಹೋಗತೈತಲ್ಲ?"

ಶೈಸ್ತಾ ನನ್ನ ಕಡೆ ತಿರುಗಿದಳು. "ಕಾಕಾ, ವೈರ್ ಕೀಳ್ರಿ."

ಅವಳು ಹೊಸ ರೋಗಿಯ ಹೆಸರು ಬರೆಯುತ್ತ ಇರುವಾಗಲೇ ನಾನು ಗೋಡೆಯ ಪಿನ್ನು ಕಿತ್ತೆ. ಮತ್ತೆ ಹಾಕಿದೆ. ಕಂಪ್ಯೂಟರು ಎದ್ದು ಬಂತು. ಮುಗಿಸಿದ ನಮೂದುಗಳೆಲ್ಲ ಇದ್ದವು. ಅರ್ಧ ಬರೆದ ಒಂದು ಮಾತ್ರ ಇರಲಿಲ್ಲ, ಅದು ಇರಲೂಬಾರದಿತ್ತು. ಮೇಡಂ ಅದನ್ನು ತಮ್ಮ ಕೈಯಿಂದ ಎಣಿಸಿ ನೋಡಿದರು.

"ಇಷ್ಟೆಲ್ಲಾ ಇದ್ದು, ಹೆಸರು ಪರದೆ ಮ್ಯಾಲೆ ಯಾಕಿಲ್ಲ?"

ಸಂಜಯ ಒಂದು ಹೆಜ್ಜೆ ಮುಂದೆ ಬಂದರು. "ನಾನ ತಗದೇನ್ರಿ ಮೇಡಂ. ಇಕಿ ಬ್ಯಾಡ ಅಂದಿದ್ಲು. ಪುಗಸಟ್ಟೆದ್ದು ಅಂತ ನೀವು ಹಗರ ಮಾಡ್ತೀರಿ ಅಂತ ಅಂಜಿ ತಗದೆ. ಸ್ವಂತ ಎಂಜಿನ್ ಅಂದದ್ದೂ ಸುಳ್ಳು." ಹೀಗೆ ಹೇಳಲೂ ಎದೆ ಬೇಕು. ಅವತ್ತಿನಿಂದ ನಾನು ಅವರನ್ನು ಬೈಯುವುದು ಕಡಿಮೆ ಮಾಡಿದ್ದೇನೆ.

"ಆ ಪಾನ ವಾಪಸ್ ಹಾಕ್ರಿ," ಎಂದರು ಮೇಡಂ. "ಹಾಕಿ, ನನಗ ತೋರಿಸ್ರಿ. ಆಮ್ಯಾಲೆ ಮೂವತ್ತೊಂದೂ ಕಡೆ ಹಚ್ಚಾಕ ಸುರು ಮಾಡ್ರಿ." ನನ್ನ ಕಡೆ ನೋಡಿ, "ಈಗ ಚಾ ತರಸ್ರಿ," ಎಂದರು.

ಆ ಪುಟ ಅದೇ ಸಂಜೆ ತನ್ನ ಜಾಗಕ್ಕೆ ಬಂತು. ಆಸ್ಪತ್ರೆಯ ಪತ್ರ ವಾರದೊಳಗೆ ಬಂತು. ಪತ್ರದ ಕೊನೆಯಲ್ಲಿ ಪೂನಮ ಮೇಡಂ ಕೈಯಿಂದ ಒಂದು ಸಾಲು ಸೇರಿಸಿದ್ದರು: ಖಾನಾಪುರದ ಡಬ್ಬಿಯ ಮೇಲೆ ಇದ್ದಂತೆ ಎಲ್ಲ ಕೇಂದ್ರದ ಕಂಪ್ಯೂಟರಿಗೂ ಹೆಸರಿನ ತಗಡು ಇರಬೇಕು. ಸಂಜಯ ಮೂವತ್ತೊಂದು ಸ್ಟೀಲ್ ಪಟ್ಟಿ ಕತ್ತರಿಸಿಕೊಂಡು ಸರದಾರಸಾಬರ ಕಟ್ಟೆಗೆ ತಾವೇ ಬಂದರು. ಈಗ ಮಷಿನ್ ಪೆನ್ನಿನಿಂದ ಗಳಿಗೆಯಲ್ಲಿ ಆಗುತ್ತದಲ್ಲ ಎಂದೆ ನಾನು. ಸರದಾರಸಾಬರು ನನ್ನ ಮಾತು ಕೇಳಿಸದವರಂತೆ ಉಳಿಯ ಮೊನೆ ನೋಡಿಕೊಂಡರು.

ಸಂಜಯ ತಲೆ ಕೆರೆದುಕೊಂಡು ಕೇಳಿದರು. "ಸಾಬ್ರ, ನನ್ನ ಹೆಸರಿಗೆ ಜಾಗಾ ಐತೇನ್ರಿ?"

"ಹೊಸಾ ಹೆಸರು ಹಾಕಾಕ ನಾ ಯಾವಾಗ ಒಲ್ಲೆ ಅಂದೇನ್ರಿ?" ಎಂದು ಸರದಾರಸಾಬರು ಮೂರನೆಯ ಸಾಲು ಹಾಕಿದರು: 'ಬಡಿಸಿದವರು ಸಂಜಯ, ಬೆಳಗಾವಿ.'

ಜಾಂಬೋಟಿಯ ಕೇಂದ್ರ ತೆರೆದ ದಿನ ನಾನೂ ಹೋಗಿದ್ದೆ. ಗದ್ದೆಗಳ ತುಂಬ ನೀರು, ಮೊದಲ ತಾಸಿನಲ್ಲೇ ಕರೆಂಟು ಹೋಯಿತು. ಅಲ್ಲಿಯ ನರ್ಸು ಗಾಬರಿಯಾಗಿ ಶೈಸ್ತಾಳ ಮುಖ ನೋಡಿದಳು. ಶೈಸ್ತಾ ಮಾತ್ರ ಕಿಟಕಿಯ ಹತ್ತಿರ ಹೋಗಿ ಮಳೆ ನೋಡುತ್ತ ನಿಂತಳು. ಕರೆಂಟು ಬಂತು, ಎಲ್ಲ ಇತ್ತು. ಆ ಹುಡುಗಿಯ ಬೆನ್ನು ನೋಡುತ್ತಾ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಸ್ವಂತ ಮಕ್ಕಳು ಪಾಸಾದಾಗಲೂ ಅಷ್ಟು ಆಗಿರಲಿಲ್ಲ.

ಸಂಜೆ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಅಮೀನಾಬೀ ಬಡಿಸುವ ಮೊದಲು ಒಂದು ಖಾಲಿ ತಾಟು ತಂದು ಗಂಡನ ಮುಂದೆ ಇಟ್ಟರು. ಹಳೆಯ ತಾಟು, ಉಜ್ಜಿ ಉಜ್ಜಿ ತೆಳ್ಳಗಾಗಿತ್ತು, ಮೇಲೆ ಒಂದು ಅಕ್ಷರವೂ ಇಲ್ಲ. ಇವತ್ತು ಹಾಕದೆ ಊಟ ಇಲ್ಲ ಎಂದರು. ಸರದಾರಸಾಬರು ಎದ್ದು ಉಳಿ ತಂದರು. ತಾಟು ಉರುಳದ ಹಾಗೆ ಹಿಡಿಯಲು ಶೈಸ್ತಾ ಮುಂದೆ ಬಂದಳು, ಅಪ್ಪ ಅವಳ ಕೈ ಸರಿಸಿದರು. "ನೀ ಕುಂದರ. ಇವತ್ತ ಬಂಡೆಪ್ಪ ಹಿಡೀತಾರ," ಎಂದರು.

ನಾನು ಹಿಡಿದೆ. ಅವರು ಮಗಳ ಹೆಸರು ಹಾಕಿದರು, ಅದರ ಬಾಜುಕ್ಕೆ ಅಮೀನಾಬೀಯವರದು. ಆಮೇಲೆ ಆ ತಾಟಿನಲ್ಲೇ ಶೈಸ್ತಾಳಿಗೆ ಬಡಿಸಿದರು.